ಹೊಳೆಯಿಲ್ಲದ ಊರಿನ ಜಲಸೌಧಗಳು

ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ, ಇವೆರಡರ ನಡುವೆ ಅಂಕುಡೊಂಕಾಗಿ ಹರಿಯುವ ಡೋಣಿ. ಹೀಗೆ ಹೊಳೆಗಳ ಹೆಸರನ್ನು ನಿತ್ಯವೂ ನಾಲಗೆಯ ಮೇಲೆ ಇರಿಸಿಕೊಂಡ ವಿಜಯಪುರದ ಸೀಮೆಯಲ್ಲಿ, ಆ ಸೀಮೆಗೆ ಸುಮಾರು ಎರಡು ಶತಮಾನಗಳ ಕಾಲ ರಾಜಧಾನಿಯಾಗಿ ಮೆರೆದ ನಗರದ ಮಗ್ಗುಲಲ್ಲಿ ಮಾತ್ರ ಒಂದು ಹೊಳೆಯೂ ಇಲ್ಲ. ಕೃಷ್ಣಾ ಭೀಮೆಗಳ ನಡುವಣ ಏರುನೆಲದ ಮೇಲೆ, ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಂತುಹೋಗುವ ಬಯಲಿನಲ್ಲಿ, ಆದಿಲ್ ಶಾಹಿ ಅರಸರು ದಖ್ಖನ್ನಿಗೆಲ್ಲ ಹೆಸರಾದ ಪಟ್ಟಣವನ್ನು ಕಟ್ಟಿದರು; ಕಟ್ಟಿದ್ದಷ್ಟೇ ಅಲ್ಲದೆ, ಹೊಳೆಯ ದಂಡೆಯ ಮೇಲಿರುವ ಮನೆಗೆ ಯಾವ ಸುಖವುಂಟೋ ಆ ಸುಖವನ್ನೆಲ್ಲ ಈ ಒಣನೆಲದ ಕಲ್ಮನೆಗಳಿಗೆ ಒದಗಿಸಿಕೊಟ್ಟರು. ಅಸರ್ ಮಹಲಿನ ಮುಂಗಡೆ ವಿಶಾಲವಾದ ಕೊಳವಿದೆ. ಕುಮಟಗಿಯ ವಿಹಾರಮಂಟಪ ಕೊಳದ ನಟ್ಟನಡುವೆಯೇ ನಿಂತಿದೆ. ತೊರವಿಯ ಸಂಗೀತ ಮಹಲಿನ ಮಹಾಕಮಾನಿನ ಎದುರಿಗೆ ಜಲಾಶಯವೊಂದರ ಗುರುತು ಇಂದಿಗೂ ಉಳಿದಿದೆ. ಹೊಳೆಯ ಬಳಿಗೆ ಮನೆಯನ್ನು ಒಯ್ಯುವುದು ಲೋಕರೂಢಿ. ಮನೆಯ ಬಳಿಗೆ ಹೊಳೆಯನ್ನೇ ಕರೆತರುವ ಸಾಹಸ ಮಾಡಿದವರು ಈ ನಗರದ ಶಿಲ್ಪಿಗಳು. ಆ ಸಾಹಸದ ಸ್ವರೂಪವೇನು, ಅದರಲ್ಲಿ ಇಂದು ಉಳಿದಿರುವುದೆಷ್ಟು, ಉಳಿದುದನ್ನು ಕಾಯುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನೆಲ, ಕಲ್ಲು, ಡೋಣಿ

ಈ ನಾಡಿನ ಮನೆಗಳನ್ನು ಅರಿಯಬೇಕಾದರೆ ಮೊದಲು ಇದರ ನೆಲವನ್ನು ಅರಿಯಬೇಕು. ಮೇಲೆ ಎರೆಮಣ್ಣು, ಕೆಳಗೆ ಅಗ್ನಿಶಿಲೆಯ ಹಾಸು; ಕೋಟ್ಯಂತರ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾ ಪದರಪದರವಾಗಿ ಆರಿ ಗಟ್ಟಿಯಾದ ಈ ಕಪ್ಪುಕಲ್ಲೇ ವಿಜಯಪುರದ ಸಕಲ ವಾಸ್ತುವೈಭವಕ್ಕೂ ಮೂಲದ್ರವ್ಯ. ಗೋಲಗುಮ್ಮಟಕ್ಕೂ, ಜೋರಾಪುರ ಪೇಟೆ, ಶಹಾಪುರ ಪೇಟೆಗಳಂತಹ ಹಳೆಯ ಪೇಟೆಗಳ ಓಣಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ಜನಸಾಮಾನ್ಯರ ಮನೆಗಳ ಅಡಿಗಲ್ಲಿಗೂ ಜಾತಿ ಒಂದೇ. ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರದ ಕಡೆಗೆ ಹೋದರೆ, ಮೊಳದಷ್ಟು ದಪ್ಪದ ಗೋಡೆಗಳನ್ನು ಕಲ್ಲಿನಿಂದಲೇ ಎಬ್ಬಿಸಿ, ಮೇಲೆ ತೊಲೆ ಜಂತಿಗಳನ್ನು ಹೊದಿಸಿ, ಮಣ್ಣನ್ನು ಬಡಿದು ಹಾಸಿದ ಮೇಲ್ಮುದ್ದೆಯ ಮನೆಗಳು, ಅವುಗಳ ಬೆಳಕಿಂಡಿಗಳು, ಪಡಸಾಲೆಗಳು, ಜೋಳವನ್ನು ತುಂಬಿಡುವ ಹಗೇವುಗಳು ಕಾಣಸಿಗುತ್ತವೆ. ಉರಿಬಿಸಿಲಿನಲ್ಲಿ ಒಳಗೆ ತಂಪನ್ನೂ ಚಳಿಗಾಲದಲ್ಲಿ ಬೆಚ್ಚನೆಯ ಹಿತವನ್ನೂ ಕೊಡುವ ಈ ಮನೆಗಳು ಅರಸರ ಮಹಲುಗಳಿಗಿಂತ ಹಳೆಯದಾದ ಒಂದು ಅನುಭವದ ಫಲ.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹೊಲಗಳ ನಡುವೆ ಹಾದುಬರುವ ಡೋಣಿ, ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ, ಸಾರವಾಡ, ತಾಳಿಕೋಟೆಗಳನ್ನು ದಾಟಿ ಕೃಷ್ಣೆಯನ್ನು ಕೂಡುತ್ತದೆ. 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಎಂಬ ನಾಣ್ನುಡಿಯನ್ನು ಈ ಭಾಗದಲ್ಲಿ ಕೇಳದವರಿಲ್ಲ. ಆದರೆ ಆ ಗಾದೆಯೊಳಗೆ ಒಂದು ಸೂಕ್ಷ್ಮವಡಗಿದೆ. ಡೋಣಿಯ ಕೃಪೆ ಬೆಳೆಗೆ, ಬಾಯಾರಿದವನಿಗೆ ಅಲ್ಲ. ಅದರ ನೀರು ಸವುಳು. ಮಳೆಗಾಲದಲ್ಲಿ ಹೂಳನ್ನು ಹೊತ್ತು ದಂಡೆ ಮೀರಿ ಉಕ್ಕುವ ಹೊಳೆ ಬೇಸಗೆಯಲ್ಲಿ ಬತ್ತಿ ಬರಿಯ ಹಳ್ಳವಾಗುತ್ತದೆ. ಎರೆಯ ಹೊಲಗಳಲ್ಲಿ ಬಿಳಿಜೋಳವನ್ನು ತುಂಬಿ ಬೆಳೆಯಿಸಿ ನಾಡಿಗೆ ಅನ್ನವಿಕ್ಕಿದ ಈ ಹೊಳೆ ರಾಜಧಾನಿಯೊಂದಕ್ಕೆ ಕುಡಿಯುವ ನೀರನ್ನು ಕೊಡಲಾರದಾಗಿತ್ತು. 1396ರಿಂದ ಮೊದಲ್ಗೊಂಡು ದಖ್ಖನ್ನನ್ನೇ ಬರಿದುಮಾಡಿದ ದುರ್ಗಾದೇವಿಯ ಬರದ ನೆನಪು ಜನರ ಮನಸ್ಸಿನಿಂದ ಮಾಸುವುದಕ್ಕೆ ಮುನ್ನವೇ ಇಲ್ಲಿ ಸಿಂಹಾಸನವನ್ನು ಸ್ಥಾಪಿಸಿದ ಆದಿಲ್ ಶಾಹಿಗಳಿಗೆ, ಕೋಟೆಗಿಂತ ಮುಂಚೆ ನೀರಿನ ಚಿಂತೆ ಹುಟ್ಟಿದ್ದರೆ ಅದು ಸಹಜವೇ ಸರಿ.

ನೆಲದೊಳಗಿನ ಹೊಳೆ

ನಗರಕ್ಕೆ ನೀರು ಬಂದದ್ದು ಪಶ್ಚಿಮದಿಂದ. ನರಸಿಂಹನ ಸನ್ನಿಧಿಯಿಂದ ಪುಣ್ಯಕ್ಷೇತ್ರವೆನಿಸಿದ, ಕುಮಾರ ವಾಲ್ಮೀಕಿಯ ರಾಮಾಯಣದಿಂದ ಕನ್ನಡ ಸಾಹಿತ್ಯದಲ್ಲಿ ಶಾಶ್ವತವಾದ ಹೆಸರು ಪಡೆದ ತೊರವಿ ನಗರದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿದೆ. ಅಲ್ಲಿಯ ನೆಲ ನಗರದ ನೆಲಕ್ಕಿಂತ ಎತ್ತರ, ಒರತೆಯೂ ಉಂಟು. ಆ ಎತ್ತರವನ್ನೂ ಒರತೆಯನ್ನೂ ಬಳಸಿಕೊಂಡು, ಬಂಡೆಯನ್ನು ಕೊರೆದು, ಇಳಿಜಾರನ್ನು ಅಳೆದು, ನೆಲದೊಳಗೇ ಒಂದು ಸುರಂಗವನ್ನು ನಗರದತ್ತ ನಡೆಸಿದರು. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಿಂಡಿಗಳನ್ನು ತೋಡಿ, ಸುರಂಗಕ್ಕೆ ಗಾಳಿ ಬೆಳಕುಗಳು ಬರುವಂತೆಯೂ, ಹೂಳು ತುಂಬಿದಾಗ ಆಳು ಇಳಿದು ಎತ್ತಿಹಾಕುವಂತೆಯೂ ಅನುಕೂಲ ಕಲ್ಪಿಸಿದರು. ಇರಾನಿನ ಮರುಭೂಮಿಯಲ್ಲಿ ಸಾವಿರಾರು ವರ್ಷಗಳಿಂದ ನಡೆದುಬಂದ ಕನಾತ್ ಎಂಬ ವಿಧಾನವೇ ಇದು. ಬೀದರಿನ ನೌಬಾದಿನಲ್ಲಿ ಕರೇಜ್ ಎಂದು ಹೆಸರಾದುದೂ ಇದೇ. ಬಿಸಿಲಿಗೆ ಆವಿಯಾಗದೆ, ಧೂಳಿಗೆ ಕೊಳೆಯಾಗದೆ, ಶತ್ರುವಿನ ಕಣ್ಣಿಗೆ ಬೀಳದೆ, ಒಂದು ಹೊಳೆಯೇ ಹೊಲಗಳ ಅಡಿಯಲ್ಲಿ ನಡೆದು ಕೋಟೆಯನ್ನು ಹೊಗುತ್ತಿತ್ತು.

ನಗರ ಬೆಳೆದಂತೆ ಈ ಒಂದು ಸೆಲೆ ಸಾಲದಾಯಿತು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ 234 ಎಕರೆಗಳ ಕೆರೆ ಸಿದ್ಧವಾಯಿತು. ಈ ಕೆರೆಯ ಬಲಗಡೆ ನೆಲಮಾಳಿಗೆಯಂತಹ ಕೋಣೆಯೊಂದಿದ್ದು, ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ನೀರು ಹೊರಡುತ್ತಿತ್ತು. ಕೊಳವೆಗಳನ್ನು ಹದಿನೈದರಿಂದ ಐವತ್ತು ಅಡಿಗಳಷ್ಟು ಆಳದಲ್ಲಿ ಹೂಳಿ, ಒಂದಕ್ಕೊಂದು ಬೆಸೆದು, ಸುತ್ತಲೂ ಗಾರೆಕಲ್ಲಿನ ಕವಚವನ್ನು ಕಟ್ಟಿದ್ದರು. ಇಷ್ಟಾದರೂ ಎತ್ತರದಿಂದ ಇಳಿದುಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯುವ ಭಯವಿತ್ತು. ಅದಕ್ಕೆ ಕಂಡುಕೊಂಡ ಉಪಾಯವೇ ಗಂಜ್. ಇಪ್ಪತ್ತೈದರಿಂದ ನಾಲ್ವತ್ತು ಅಡಿಗಳ ಎತ್ತರಕ್ಕೆ ಕಲ್ಲಿನಿಂದ ಕಟ್ಟಿದ ಈ ಗೋಪುರಗಳನ್ನು ಕೊಳವೆಯ ದಾರಿಯುದ್ದಕ್ಕೂ ಅಂತರವಿಟ್ಟು ನಿಲ್ಲಿಸಿದರು. ಕೊಳವೆಯ ನೀರು ಗೋಪುರದೊಳಗೆ ತನ್ನ ಮಟ್ಟಕ್ಕೆ ತಾನೇ ಏರುವುದು. ಏರಿದಾಗ ಅದರ ರಭಸ ಅಡಗುವುದು. ಜೊತೆಗೆ ಬಂದ ಮಣ್ಣು ಮರಳುಗಳು ತಳದಲ್ಲಿ ನಿಂತು ತಿಳಿನೀರು ಮಾತ್ರ ಮುಂದಿನ ಕೊಳವೆಗೆ ಇಳಿಯುವುದು. ಒತ್ತಡವನ್ನು ತಗ್ಗಿಸುವುದು, ನೀರನ್ನು ಸೋಸುವುದು, ಓಣಿಗಳಿಗೆ ಹಂಚುವುದು, ಈ ಮೂರು ಕಾರ್ಯಗಳನ್ನೂ ಒಂದೇ ಕಟ್ಟಡದಿಂದ ಮಾಡಿಸಿದ ಆ ಶಿಲ್ಪಿಗಳ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು. ಇಂದಿಗೂ ವಿಜಯಪುರದ ಓಣಿಗಳ ನಡುವೆ ನಡೆಯುವವನಿಗೆ, ಮನೆಗಳ ಸಂದಿಯಿಂದ ಎದ್ದುನಿಂತ ಇಂತಹ ಗಂಜುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಪ್ರಯೋಜನವನ್ನು ಅರಿಯದವರು ಅವನ್ನು ಯಾವುದೋ ಹಾಳು ಬುರುಜು ಎಂದು ಭಾವಿಸಿ ಮುಂದೆ ಸಾಗುತ್ತಾರೆ.

ಈ ನೀರು ಎಲ್ಲಿಗೆ ಹೋಗುತ್ತಿತ್ತು? ಒಂದು ಪಾಲು ಮೆಟ್ಟಿಲುಬಾವಿಗಳಾದ ಬಾವಡಿಗಳಿಗೆ. ಮೊದಲನೆಯ ಅಲಿ ಆದಿಲ್ ಶಾಹ 1579ರಲ್ಲಿ ಕಟ್ಟಿಸಿದ ಚಾಂದ್ ಬಾವಡಿ, ಎರಡನೆಯ ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ಮೂಡಿದ ತಾಜ್ ಬಾವಡಿ, ಇವೆರಡೇ ಅಲ್ಲದೆ ಪೇಟೆಪೇಟೆಗೂ ಒಂದೊಂದು ಬಾವಡಿ ಇದ್ದು, ಪ್ರಜೆಗಳಿಗೂ ದಾರಿಹೋಕರಿಗೂ ಸಮಾನವಾಗಿ ನೀರೆರೆಯುತ್ತಿದ್ದವು. ಮತ್ತೊಂದು ಪಾಲು ಒಳಕೋಟೆಯಾದ ಅರೆಕಿಲ್ಲೆಯ ಮಹಲುಗಳಿಗೆ. 1583ರಲ್ಲಿ ಕಟ್ಟಿದ ಸಾತ್ ಮಂಜಿಲಿನ ಗೋಡೆಗಳೊಳಗೆ ಅಂತಸ್ತು ಅಂತಸ್ತಿಗೂ ನೀರಿನ ಕೊಳವೆಗಳು, ತೊಟ್ಟಿಗಳು ಇದ್ದುದನ್ನು ಈಗಲೂ ಕಾಣಬಹುದು. ಅದರ ಎದುರಿಗೇ ನಿಂತಿರುವ ಜಲಮಂಜಿಲ್ ಎಂಬ ಪುಟ್ಟ ಶಿಲಾಮಂಟಪ ತನ್ನ ಸುತ್ತಣ ಕೊಳವನ್ನು ಕಳೆದುಕೊಂಡು ರಸ್ತೆಯ ಮಗ್ಗುಲಿನ ಅಲಂಕಾರವಾಗಿ ಉಳಿದಿದೆ. ಅದರ ಸೂರಂಚಿನ ಸೂಕ್ಷ್ಮ ಕೆತ್ತನೆ, ಮುಂಚಾಚಿದ ಛಜ್ಜೆಯ ನೆರಳು, ಎಲ್ಲವೂ ಕೆಳಗಿನ ನೀರಿನಲ್ಲಿ ಪ್ರತಿಬಿಂಬಿಸಲೆಂದು ಯೋಜಿಸಿದವು. ನೀರಿಲ್ಲದೆ ಆ ಯೋಜನೆಯ ಅರ್ಧಭಾಗ ಕಾಣದಂತಾಗಿದೆ.

ಅಸರ್ ಮಹಲಿನ ಮುಂಗಡೆ

ಅರೆಕಿಲ್ಲೆಯ ಪೂರ್ವಕ್ಕೆ, ಖಂದಕದ ಹೊರದಂಡೆಯ ಮೇಲೆ ನಿಂತಿರುವ ಅಸರ್ ಮಹಲನ್ನು 1646ರಲ್ಲಿ ಮುಹಮ್ಮದ್ ಆದಿಲ್ ಶಾಹ ನ್ಯಾಯದಾನದ ಸಭಾಗೃಹವಾಗಿ ಕಟ್ಟಿಸಿದನು. ದಾದ್ ಮಹಲ್ ಎಂಬುದು ಅದರ ಮೊದಲ ಹೆಸರು. ಮುಂದೆ ಪೈಗಂಬರರ ಪವಿತ್ರ ಕೇಶಗಳನ್ನು ಇಲ್ಲಿ ಇರಿಸಿದುದರಿಂದ ಅದು ಶ್ರದ್ಧಾಕೇಂದ್ರವಾಯಿತು. ಆದಿಲ್ ಶಾಹಿ ಅರಮನೆಗಳಲ್ಲಿ ಬಹುಪಾಲು ಸೂರು ಕಳೆದುಕೊಂಡು ಬರಿಗೋಡೆಗಳಾಗಿ ನಿಂತಿರುವಾಗ, ಮರದ ತೊಲೆಗಳೂ ಮಾಳಿಗೆಯೂ ಸಹಿತವಾಗಿ ಈ ಒಂದು ಮಹಲು ನಮ್ಮವರೆಗೆ ಬಂದಿರುವುದಕ್ಕೆ ಆ ಶ್ರದ್ಧೆಯೇ ಕಾರಣವೆಂದು ಹೇಳಿದರೆ ತಪ್ಪಾಗದು. ಕಾವಲುಗಾರರ ಕೋಲಿಗಿಂತ ಭಕ್ತರ ಬರುಹೋಗು ಹೆಚ್ಚಿನ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಮಹಲಿನ ರಚನೆಯನ್ನು ಹತ್ತಿರದಿಂದ ನೋಡಬೇಕು. ಪೂರ್ವದ ಮುಖಕ್ಕೆ ಗೋಡೆಯೇ ಇಲ್ಲ. ನೆಲದಿಂದ ಮಾಳಿಗೆಯವರೆಗೆ ಒಂದೇ ಏರಿಕೆಗೆ ಎದ್ದ ನಾಲ್ಕು ಭಾರಿ ತೇಗದ ಕಂಬಗಳು ಇಡೀ ಮುಂಗಡೆಯನ್ನು ಹೊತ್ತಿವೆ. ಮೇಲಿನ ಮರದ ಚಾವಣಿಗೆ ಒಂದು ಕಾಲದಲ್ಲಿ ಬಣ್ಣದ ಚಿತ್ತಾರವಿತ್ತು. ಕಂಬಗಳ ಮುಂದೆ ನೇರವಾಗಿ ಕೊಳ. ನಡುವಣ ದೊಡ್ಡ ಕೊಳ ಹದಿನೈದು ಅಡಿಗಳಷ್ಟು ಆಳವುಳ್ಳದ್ದು. ಅದರ ಎರಡು ಮಗ್ಗುಲಲ್ಲಿ ಚಿಕ್ಕವಾದ, ಆಳ ಕಡಿಮೆಯಾದ ಬೇರೆ ಕೊಳಗಳಿವೆ. ಬೇಗಂ ತಾಲಾಬಿನ ನೀರು ಇಲ್ಲಿಗೂ ಬರುತ್ತಿತ್ತು. ಪೂರ್ವಕ್ಕೆ ತೆರೆದ ಸಭೆಯೊಳಗೆ ಬೆಳಗಿನ ಬಿಸಿಲು ನೀರಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ, ಚಾವಣಿಯ ಚಿತ್ತಾರವನ್ನು ಕೆಳಗಿನಿಂದ ಬೆಳಗಿಸುವುದು. ನೀರನ್ನು ಹಾದುಬರುವ ಗಾಳಿ ಬೇಸಗೆಯ ಬೇಗೆಯನ್ನು ಕಳೆದುಕೊಂಡೇ ಒಳಹೊಗುವುದು. ಕೊಳವನ್ನು ಮಹಲಿನ ಶೋಭೆಗಾಗಿ ತೋಡಿದರೆಂದು ಎಣಿಸುವುದು ಅರ್ಧ ಸತ್ಯ. ದೀಪವೂ ಬೀಸಣಿಗೆಯೂ ಆಗಿ ಕೆಲಸ ಮಾಡುತ್ತಿದ್ದ ಆ ನೀರು ಮಹಲಿನ ಒಂದು ಅಂಗವೇ ಆಗಿತ್ತು. ಒಳಗಿನ ಮೇಲಂತಸ್ತಿನ ಕೋಣೆಗಳ ಗೋಡೆಗಳ ಮೇಲೆ ಹೂಬಳ್ಳಿಗಳ ವರ್ಣಚಿತ್ರಗಳ ಉಳಿಕೆಯುಂಟು. ಅವು ಮಾಸಿದ್ದರೂ, ಆ ಕಾಲದ ಕುಂಚಕ್ಕೆ ಇದ್ದ ನಯವನ್ನು ತಿಳಿಸಲು ಸಾಕಾಗಿವೆ.

ಕುಮಟಗಿಯ ವಿಹಾರಗೃಹ

ಜಲಸೌಧವೆಂಬ ಕಲ್ಪನೆ ತನ್ನ ಪೂರ್ಣಾವಸ್ಥೆಯನ್ನು ಮುಟ್ಟಿದ್ದು ನಗರದಿಂದ ಪೂರ್ವಕ್ಕೆ, ಸಿಂದಗಿಯ ದಾರಿಯಲ್ಲಿ, ಇಪ್ಪತ್ತು ಕಿಲೋಮೀಟರಿನೊಳಗೆ ಸಿಗುವ ಕುಮಟಗಿಯಲ್ಲಿ. ಊರಿನ ಕೆರೆಯ ಬಳಿ, ಬೇಸಗೆಯ ತಾಪದಿಂದ ಪಾರಾಗಲು ಅರಮನೆಯವರು ಬಂದು ತಂಗುತ್ತಿದ್ದ ಈ ವಿಹಾರಸ್ಥಾನದಲ್ಲಿ ದೊಡ್ಡ ಗುಮ್ಮಟವಿಲ್ಲ, ಆಕಾಶವನ್ನು ಮುಟ್ಟುವ ಮಿನಾರಿಲ್ಲ. ಒಂದು ಚೌಕಾಕಾರದ ಕೊಳ, ಅದರ ನಟ್ಟನಡುವೆ ಎರಡಂತಸ್ತಿನ ಶಿಲಾಮಂಟಪ, ದಡದಿಂದ ಅಲ್ಲಿಗೆ ಹೋಗಲು ಕಿರಿದಾದ ಕಲ್ಲುಸೇತುವೆ, ಸಮೀಪದಲ್ಲಿ ಕೆಲವು ಚಿಕ್ಕ ಕಟ್ಟಡಗಳು, ಇಷ್ಟೇ. ಆದರೆ ಈ ಚಿಕ್ಕ ಪರಿವಾರದೊಳಗೆ ಅಡಗಿರುವ ಜಲಯುಕ್ತಿಯನ್ನು ಬಿಡಿಸಿ ನೋಡಿದಾಗ, ಗೋಲಗುಮ್ಮಟದ ಮುಂದೆ ಹುಟ್ಟುವ ವಿಸ್ಮಯಕ್ಕಿಂತ ಕಡಿಮೆಯಲ್ಲದ ವಿಸ್ಮಯ ಹುಟ್ಟುತ್ತದೆ.

ಕೆರೆಯ ನೀರನ್ನು ಮೊದಲು ಎತ್ತರದ ಗೋಪುರಕ್ಕೆ ಏರಿಸುತ್ತಿದ್ದರು. ಅಲ್ಲಿಂದ ಅದು ತೊಟ್ಟಿಗಳಿಗೆ ಬಂದು, ಹೊತ್ತು ತಂದ ಮಣ್ಣನ್ನು ಕೆಳಗೆ ಬಿಟ್ಟು ತಿಳಿಯಾಗುತ್ತಿತ್ತು. ತಿಳಿಯಾದ ನೀರು ನೆಲದೊಳಗಿನ ಕೊಳವೆಯಲ್ಲಿ ಕೊಳದ ತಳದವರೆಗೆ ನಡೆದು, ಮಂಟಪದ ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ, ತಾನು ಹೊರಟ ಎತ್ತರದ ಒತ್ತಡವೊಂದರಿಂದಲೇ, ಮತ್ತೆ ಮೇಲಕ್ಕೆ ಏರುತ್ತಿತ್ತು. ಚಾವಣಿಯಲ್ಲಿ ಹೂವಿನ ಆಕಾರಕ್ಕೆ ಕೆತ್ತಿ, ಸಣ್ಣ ಸಣ್ಣ ರಂಧ್ರಗಳನ್ನು ಕೊರೆದ ಕಲ್ಲುಗಳಿಂದ ಅದು ತುಂತುರಾಗಿ ಕೆಳಗೆ ಸುರಿಯುತ್ತಿತ್ತು. ಎಂಜಿನ್ನಾಗಲಿ ವಿದ್ಯುತ್ತಾಗಲಿ ಇಲ್ಲದ ಕಾಲದಲ್ಲಿ, ವೈಶಾಖದ ನಡುಹಗಲಿನಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಕಲ್ಲಿನ ಚಾವಣಿಯಿಂದ ಮಳೆ ಬೀಳಿಸುವ ಈ ವಿದ್ಯೆಗೆ ಆಧಾರವಾದುದು ಒಂದೇ ತತ್ತ್ವ: ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ತತ್ತ್ವವನ್ನು ಬಲ್ಲವರು ಬಹುಮಂದಿ. ಅದನ್ನು ಇಷ್ಟು ಸುಂದರವಾಗಿ ದುಡಿಸಿಕೊಂಡವರು ವಿರಳ. ಮಾಳವದ ಮಾಂಡುವಿನಲ್ಲಿ ಎರಡು ಕೆರೆಗಳ ನಡುವೆ ನಿಂತ ಜಹಾಜ್ ಮಹಲಿನ ಖ್ಯಾತಿ ದೇಶವನ್ನೆಲ್ಲ ವ್ಯಾಪಿಸಿದೆ. ಗಾತ್ರದಲ್ಲಿ ಅದಕ್ಕೆ ಸಾಟಿಯಾಗದಿದ್ದರೂ ಯುಕ್ತಿಯಲ್ಲಿ ಕುಮಟಗಿ ಅದರ ಪಕ್ಕದಲ್ಲಿ ತಲೆಯೆತ್ತಿ ನಿಲ್ಲಬಲ್ಲದು.

ಕುಮಟಗಿಯ ಇನ್ನೊಂದು ಸಂಪತ್ತು ಅಲ್ಲಿಯ ಭಿತ್ತಿಚಿತ್ರಗಳು. ಕೊಳದ ದಡದ ಕಟ್ಟಡದ ಗೋಡೆಗಳ ಮೇಲೆ, ಕುದುರೆಯೇರಿ ಕೋಲಿನಿಂದ ಚೆಂಡಾಡುವ ಚೌಗಾನಿನ ಆಟಗಾರರು, ಪಟ್ಟುಹಿಡಿದ ಜಟ್ಟಿಗಳು, ಬೇಟೆಯ ಸಡಗರ, ವಾದ್ಯ ನುಡಿಸುವವರು, ಯೂರೋಪಿನ ಉಡುಪನ್ನು ತೊಟ್ಟ ಪರದೇಶಿಗಳು, ಎಲ್ಲರೂ ಒಂದೇ ಗೋಡೆಯ ನೆರೆಹೊರೆಯವರಾಗಿ ಕಾಣಿಸಿಕೊಂಡಿದ್ದಾರೆ. 1510ರಲ್ಲಿ ಗೋವೆಯನ್ನು ಆದಿಲ್ ಶಾಹಿಗಳಿಂದ ಕಿತ್ತುಕೊಂಡ ಪೋರ್ಚುಗೀಸರು ಮುಂದೆ ಅದೇ ದರಬಾರಿಗೆ ರಾಯಭಾರಿಗಳಾಗಿಯೂ ವ್ಯಾಪಾರಿಗಳಾಗಿಯೂ ಬಂದುಹೋದ ಇತಿಹಾಸವನ್ನು ಬಲ್ಲವನಿಗೆ ಈ ಟೋಪಿಧಾರಿಗಳ ಗುರುತು ಸುಲಭವಾಗಿ ಸಿಗುವುದು. ಇರಾನಿನಿಂದ ಬಂದ ಆಟ, ಕನ್ನಡ ನಾಡಿನ ಗರಡಿಯ ಕುಸ್ತಿ, ಸಮುದ್ರದಾಚೆಯ ವೇಷ, ಇವೆಲ್ಲ ಒಂದು ಹಳ್ಳಿಯ ಕೆರೆಯ ದಡದಲ್ಲಿ ಕೂಡಿಬಂದುದು ಆ ಕಾಲದ ವಿಜಯಪುರ ಲೋಕದೊಡನೆ ಇಟ್ಟುಕೊಂಡಿದ್ದ ಸಂಬಂಧದ ವಿಸ್ತಾರವನ್ನು ಯಾವ ಬಖೈರಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಕಿತಾಬ್-ಎ-ನವರಸವನ್ನು ರಚಿಸಿ, ಜಗದ್ಗುರು ಬಾದಶಹನೆಂದು ಕರೆಸಿಕೊಂಡ ಎರಡನೆಯ ಇಬ್ರಾಹಿಮನಂತಹ ಅರಸನನ್ನು ಪಡೆದ ನಾಡಿನಲ್ಲಿ ಇಂತಹ ಸಂಗಮ ಅಚ್ಚರಿಯದಲ್ಲ.

ಅರ್ಧ ಉಳಿದ ಆಸ್ತಿ

ಇಷ್ಟೆಲ್ಲ ಜಲವೈಭವ ಹಾಳಾದ ಕಥೆ ದೀರ್ಘವಾದರೂ ಅದರ ಘಟ್ಟಗಳು ಕೆಲವೇ. 1599ರಲ್ಲಿ ತೊರವಿಯ ಬಳಿ ಇಬ್ರಾಹಿಮನು ಆರಂಭಿಸಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನು ಸೂರೆಮಾಡಿದನು. ಸಂಗೀತ ಮಹಲಿನ ಸುತ್ತಣ ನಗರ ಮತ್ತೆ ಚಿಗುರಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಯಪುರವೇ ಶರಣಾಯಿತು. ಕೆಲವೇ ವರ್ಷಗಳಲ್ಲಿ ಪ್ಲೇಗು ಬಡಿಯಿತು. ಸುರಂಗದ ಹೂಳನ್ನು ವರ್ಷವರ್ಷವೂ ಎತ್ತಿಸುವ, ಕೊಳವೆ ಒಡೆದಲ್ಲಿ ಬೆಸೆಯಿಸುವ, ಗಂಜಿನ ತಳವನ್ನು ತೊಳೆಯಿಸುವ ಒಡೆಯರು ಇಲ್ಲವಾದರು. ಕಲ್ಲಿನ ಗೋಡೆ ಒಡೆಯನಿಲ್ಲದೆಯೂ ನೂರಾರು ವರ್ಷ ನಿಂತೀತು. ನೀರಿನ ದಾರಿ ಹತ್ತು ವರ್ಷಗಳ ಅಲಕ್ಷ್ಯವನ್ನೂ ತಾಳಲಾರದು. ಹೀಗಾಗಿ ಜಲಸೌಧಗಳಲ್ಲಿ ಸೌಧ ಉಳಿಯಿತು, ಜಲ ಹೋಯಿತು.

1885ರಲ್ಲಿ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಇಲ್ಲಿಗೆ ಬಂದಾಗ, ಹಾಳುಬಿದ್ದ ಮಹಲುಗಳೂ ಗುಮ್ಮಟಗಳೂ ಕಚೇರಿಗಳಾಗಿ, ಅಧಿಕಾರಿಗಳ ವಸತಿಗಳಾಗಿ ಮಾರ್ಪಟ್ಟವು. ಜೋಡಗುಮ್ಮಟದಲ್ಲಿ ಎಂಜಿನಿಯರರು ಸಂಸಾರ ಹೂಡಿದುದೂ ಆಗಲೇ. ಅದೇ ಕಾಲದ ಪುರಾತತ್ತ್ವಜ್ಞ ಹೆನ್ರಿ ಕಜಿನ್ಸ್ ಈ ನಗರದ ಕಟ್ಟಡಗಳನ್ನು ಅಂಗುಲ ಅಂಗುಲವಾಗಿ ಅಳೆದು, ನಕ್ಷೆ ಬರೆದು, 1916ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥ ನಮಗೆ ಇಂದಿಗೂ ಆಧಾರ. ಕುಮಟಗಿಯ ಚಿತ್ರಗಳನ್ನು ಆತ ಅದರಲ್ಲಿ ದಾಖಲಿಸದೆ ಹೋಗಿದ್ದರೆ, ಅವುಗಳಲ್ಲಿ ಎಷ್ಟೋ ಚಿತ್ರಗಳು ಹೇಗಿದ್ದವೆಂದು ತಿಳಿಯುವ ದಾರಿಯೇ ನಮಗೆ ಇರುತ್ತಿರಲಿಲ್ಲ. ಏಕೆಂದರೆ, ಮಳೆ, ತೇವ, ಬಾವಲಿಗಳು ಮಾಡಿದ ಹಾನಿಗೆ ಜೊತೆಯಾಗಿ, ಬಂದವರು ತಮ್ಮ ತಮ್ಮ ಹೆಸರುಗಳನ್ನು ಮೊಳೆಯಿಂದಲೂ ಇದ್ದಿಲಿನಿಂದಲೂ ಗೋಡೆಯ ಮೇಲೆ ಬರೆದುಹೋಗಿದ್ದಾರೆ. ನಾಲ್ಕು ಶತಮಾನಗಳಿಗೆ ಸಮೀಪವಾದ ಗಚ್ಚಿನ ಮೇಲೆ ಎರಡು ನಿಮಿಷಗಳಲ್ಲಿ ಗೀಚಿದ ಒಂದು ಹೆಸರು, ಅಡಿಯ ಬಣ್ಣವನ್ನು ಎಂದೆಂದಿಗೂ ಮರಳದಂತೆ ಕಿತ್ತುಹಾಕುತ್ತದೆ. ಇದಕ್ಕಿಂತ ದುಃಖಕರವಾದ ವಿದ್ಯಮಾನ ಬೇರೊಂದಿಲ್ಲ. ಇದಕ್ಕಿಂತ ಸುಲಭವಾಗಿ ತಪ್ಪಿಸಬಹುದಾದುದೂ ಬೇರೊಂದಿಲ್ಲ.

ಬಾವಡಿಗಳ ಗತಿಯೂ ಬಹುಕಾಲ ಇದೇ ಆಗಿತ್ತು. ನಲ್ಲಿಯ ನೀರು ಮನೆಮನೆಗೆ ಬಂದ ಮೇಲೆ ಓಣಿಯ ಬಾವಡಿ ಯಾರದೂ ಅಲ್ಲದ ಗುಂಡಿಯಾಯಿತು. ಕಸ, ಹೂಳು, ವಿಸರ್ಜನೆಯ ಮೂರ್ತಿಗಳ ಬಣ್ಣದ ಮಣ್ಣು ಅದನ್ನು ತುಂಬಿದವು. ಕಳೆದ ದಶಕದಲ್ಲಿ ಸರಕಾರವೂ ಊರವರೂ ಕೈಗೂಡಿಸಿ ತಾಜ್ ಬಾವಡಿಯೇ ಮೊದಲಾದವುಗಳ ಹೂಳೆತ್ತಿದಾಗ, ತಳದಲ್ಲಿ ಒರತೆ ಇನ್ನೂ ಜೀವಂತವಾಗಿದ್ದುದು ಕಂಡುಬಂದು ಜನರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನೀರು ನಮ್ಮನ್ನು ಬಿಟ್ಟುಹೋಗಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೃಷ್ಣೆಯನ್ನು ಎತ್ತಿ ತಂದು ಕೆರೆ ತುಂಬಿಸುವ ಯೋಜನೆಗಳೂ, ತುಬಚಿ–ಬಬಲೇಶ್ವರದಂತಹ ಏತ ನೀರಾವರಿಯೂ ಇಂದು ಈ ಸೀಮೆಯ ಮುಖವನ್ನು ಬದಲಿಸುತ್ತಿವೆ. ಮುಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರದ ಕೆರೆಯಂತಹ ಪ್ರಾಚೀನ ಜಲಾಶಯಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡ ಬಬಲೇಶ್ವರದ ನೆಲಕ್ಕೆ ಇದು ಹೊಸತಾದ ಪಾಠವೂ ಅಲ್ಲ.

ಆಗಬೇಕಾದ ಕೆಲಸ

ವಿಜಯಪುರದ ಆದಿಲ್ ಶಾಹಿ ಸ್ಮಾರಕಗಳು, ಕಲಬುರಗಿ, ಬೀದರ, ಹೈದರಾಬಾದುಗಳ ಸ್ಮಾರಕಗಳ ಜೊತೆಯಲ್ಲಿ, 2014ರಿಂದ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯಲ್ಲಿವೆ. ಆ ಗೌರವ ಎಂದಾದರೂ ಪೂರ್ಣರೂಪದಲ್ಲಿ ಸಲ್ಲಲಿ. ಆದರೆ ಅದಕ್ಕೂ ಮುನ್ನ ನಾವು ತಿದ್ದಿಕೊಳ್ಳಬೇಕಾದ ಒಂದು ದೃಷ್ಟಿದೋಷವುಂಟು. ಸ್ಮಾರಕವೆಂದರೆ ಬೇಲಿಯೊಳಗಿನ ಕಲ್ಲುಕಟ್ಟಡ ಮಾತ್ರವೆಂದು ಬಗೆದು, ಅದಕ್ಕೆ ನೀರುಣಿಸುತ್ತಿದ್ದ ಕೆರೆ, ಸುರಂಗ, ಕೊಳವೆ, ಗಂಜುಗಳನ್ನು ಬೇಲಿಯಾಚೆಗೆ ಬಿಟ್ಟಿದ್ದೇವೆ. ಇರಾನಿನ ಹನ್ನೊಂದು ಕನಾತ್‌ಗಳನ್ನು 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ನೆಲದೊಳಗಿನ ಕಾಲುವೆಯೊಂದೇ ಅಲ್ಲದೆ, ಅದರ ಬಾವಿಗಳು, ನೀರಿನ ತೊಟ್ಟಿಗಳು, ನೀರಿನಿಂದ ತಿರುಗುವ ಬೀಸುಗಲ್ಲುಗಳು, ಕೆಲಸಗಾರರ ವಿಶ್ರಾಂತಿಸ್ಥಾನಗಳು ಕೂಡ ಆ ಪರಂಪರೆಯ ಭಾಗಗಳೆಂದು ಪರಿಗಣಿತವಾದವು. ವಿಜಯಪುರಕ್ಕೂ ಸಲ್ಲಬೇಕಾದ ನ್ಯಾಯ ಇದೇ. ಕೆರೆಯನ್ನು ಬಿಟ್ಟು ಕುಮಟಗಿಯ ಮಂಟಪವನ್ನು ಕಾಯುವುದು, ತಂತಿಯನ್ನು ಕಿತ್ತುಹಾಕಿ ವೀಣೆಯ ಬುರುಡೆಯನ್ನು ಕಾಪಾಡಿದಂತೆ.

ಆದುದರಿಂದ ಕೆಲವು ಕಾರ್ಯಗಳು ತಡವಿಲ್ಲದೆ ಆಗತಕ್ಕವು. ನಗರದಲ್ಲಿಯೂ ಸುತ್ತಲೂ ನಿಂತಿರುವ ಗಂಜುಗಳೆಲ್ಲವನ್ನೂ, ತೊರವಿಯ ಸುರಂಗದ ಕಿಂಡಿಗಳೆಲ್ಲವನ್ನೂ ಎಣಿಸಿ, ನಕ್ಷೆಗೆ ಏರಿಸಿ, ಪ್ರತಿಯೊಂದರ ಬಳಿಯೂ ಅದರ ಕೆಲಸವೇನೆಂಬುದನ್ನು ಕನ್ನಡದಲ್ಲಿ ಬರೆದ ಫಲಕ ನಿಲ್ಲಬೇಕು. ಅರಿವಿಲ್ಲದಿದ್ದಲ್ಲಿ ಆದರ ಹುಟ್ಟದು. ಹಳೆಯ ಗಚ್ಚಿನ ಗೋಡೆಗಳನ್ನು ದುರಸ್ತಿ ಮಾಡುವಾಗ ಸುಣ್ಣದ ಗಾರೆಯನ್ನೇ ಬಳಸಬೇಕು. ಸುಣ್ಣ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ, ಉಪ್ಪನ್ನು ಮೇಲೆಬ್ಬಿಸಿ, ಪಕ್ಕದ ಹಳೆಯ ಕಲ್ಲನ್ನೂ ಬಣ್ಣವನ್ನೂ ತಿನ್ನುತ್ತದೆ. ಕುಮಟಗಿಯಲ್ಲಿ ಉಳಿದಿರುವ ಚಿತ್ರಗಳಿಗೆ ನುರಿತವರ ಕೈಯಿಂದ ಶುಶ್ರೂಷೆ ನಡೆಯಬೇಕು, ಮತ್ತು ಹಗಲಿರುಳು ಕಾವಲಿರಬೇಕು. ಕೆರೆ ತುಂಬಿಸುವ ಯೋಜನೆಗಳ ನೀರು ಬಂದಲ್ಲಿ, ಅದರ ಒಂದು ಚಿಕ್ಕ ಪಾಲು ಈ ಐತಿಹಾಸಿಕ ಕೊಳಗಳಿಗೂ ಸಲ್ಲಬೇಕು; ತಳದ ಸೋರಿಕೆಯನ್ನು ಪರೀಕ್ಷಿಸಿ, ಕಟ್ಟಡದ ಅಡಿಪಾಯಕ್ಕೆ ಕೇಡಾಗದಂತೆ ನೋಡಿಕೊಂಡು, ಅಸರ್ ಮಹಲಿನ ಮುಂದೆಯೂ ಕುಮಟಗಿಯ ಸುತ್ತಲೂ ತಿಳಿನೀರು ವರ್ಷವಿಡೀ ನಿಲ್ಲುವಂತಾದರೆ, ಪುಸ್ತಕಗಳು ವರ್ಣಿಸಿ ದಣಿದುದನ್ನು ಶಾಲೆಯ ಮಕ್ಕಳು ಕಣ್ಣಾರೆ ಕಂಡು ಅರಿಯುವರು.

ಇವೆಲ್ಲ ಸರಕಾರದ, ಇಲಾಖೆಗಳ ಹೊಣೆ. ಆದರೆ ಜೋರಾಪುರ ಪೇಟೆಯ, ಶಹಾಪುರ ಪೇಟೆಯ, ತಿಕೋಟಾ ಬಬಲೇಶ್ವರಗಳ ನಿವಾಸಿಗಳಾದ ನಮ್ಮ ಪಾಲಿಗೂ ಒಂದು ಹೊಣೆಯಿದೆ. ಅಜ್ಜ ಮುತ್ತಜ್ಜಂದಿರು ಕಟ್ಟಿದ ಕಲ್ಮನೆಯನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟಬೇಕೆನ್ನುವ ಮುನ್ನ, ಆ ಗೋಡೆಯ ತಂಪನ್ನೂ ಆಯುಷ್ಯವನ್ನೂ ಒಮ್ಮೆ ಲೆಕ್ಕಹಾಕಿ ನೋಡಿರಿ. ಓಣಿಯ ಬಾವಡಿಗೆ ಕಸ ಬೀಳುವುದನ್ನು ಕಂಡರೆ ತಡೆಯಿರಿ. ಹೊಲದಲ್ಲಿ ನೇಗಿಲಿಗೆ ಹಳೆಯ ಮಣ್ಣಿನ ಕೊಳವೆ ಸಿಕ್ಕರೆ ಒಡೆದು ಎಸೆಯದೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಕುಮಟಗಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, ಗೋಡೆಯನ್ನು ಮುಟ್ಟದೆ ನೋಡುವುದನ್ನು ಅಲ್ಲಿಯೇ ಕಲಿಸಿರಿ. ಹೊಳೆಯಿಲ್ಲದ ಊರಿಗೆ ಹೊಳೆಯನ್ನು ಕರೆತಂದವರ ಮಕ್ಕಳು ನಾವು. ಅವರು ತಂದ ನೀರಿನ ದಾರಿಯನ್ನು ಕಾಯುವುದು ಅದನ್ನು ತೋಡಿದ್ದಕ್ಕಿಂತ ಎಷ್ಟೋ ಪಾಲು ಸುಲಭವಾದ ಕೆಲಸ, ಅದನ್ನು ಇಂದೇ ಕೈಗೆತ್ತಿಕೊಳ್ಳಬೇಕು.